ಟೂಲ್‌ಬಾರ್ ಮತ್ತು ದನ ಕರೆಯುವ ಕೂಗು

ವರ್ಷ ಯಾವುದೆಂದು ಖಚಿತವಾಗಿ ಹೇಳಲಾರೆ; ಎರಡು ಸಾವಿರದ ಆಚೀಚೆ ಎಂದಷ್ಟೇ ಬರೆಯಬಲ್ಲೆ. ನನ್ನ ಬಳಿ ಉಳಿದಿರುವ ಧ್ವನಿಮುದ್ರಣದ ಫೈಲಿನ ಮೇಲಿನ ತಾರೀಖನ್ನು ನಂಬುವಂತಿಲ್ಲ. ಚಳ್ಳಕೆರೆಯ ನಮ್ಮ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಒಳಗಿನ ಬ್ಯಾಟರಿ ಸೋತು, ಕರೆಂಟು ಹೋಗಿ ಬಂದಾಗಲೆಲ್ಲ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಸರಿಯುತ್ತಿತ್ತು. ಆ ಕಾರಣಕ್ಕೇ ಪರದೆಯ ಮೇಲಂಚಿನಲ್ಲಿ ಒಂದು ಟೂಲ್‌ಬಾರ್ ಇರಿಸಿಕೊಂಡಿದ್ದೆ. ತಾರೀಖು, ಧ್ವನಿ, ಪ್ರಿಂಟರ್, ಯಾವುದೇ ಸೆಟ್ಟಿಂಗ್ ಬೇಕಾದರೂ ಮೆನುಗಳಲ್ಲಿ ಅಲೆಯದೆ ಒಂದೇ ಕ್ಲಿಕ್ಕಿಗೆ ಸಿಗುವ ಪುಟ್ಟ ಐಕಾನುಗಳ ಸಾಲು. ನನ್ನ ದಿನ ತಾರೀಖು ಸರಿಪಡಿಸುವುದರಿಂದ ಶುರುವಾಗುತ್ತಿತ್ತು. ಪಕ್ಕದಲ್ಲಿದ್ದ ಧ್ವನಿಯ ಐಕಾನನ್ನು ಮುಟ್ಟಿದ್ದು ಅಪರೂಪ.

ಒಂದು ಬೆಳಿಗ್ಗೆ ಹತ್ತಿರದ ನನ್ನಿವಾಳ ಹಳ್ಳಿಯ ಕಡೆಯಿಂದ ಇಬ್ಬರು ಬಂದರು. ಹಿರಿಯರು ದನಗಾಹಿ. ದನ ಮೇಯಲು ಬಿಟ್ಟ ಹುಲ್ಲುಬಯಲಾದ ಕಾವಲಿನ ಮೇವಿನ ಪದ್ಧತಿಗಳನ್ನು ನಾನು ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ, ಅವರು ದನ ಕರೆಯುವ ಕೂಗನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಬಳಿಕ ಕಂಪ್ಯೂಟರಿಗೆ ಇಳಿಸಿದ್ದೆ. ಈಗ ಗಂಟಲಿನ ಆಪರೇಷನ್ ಆಗಿ ಅವರಿಗೆ ಪಿಸುಮಾತಷ್ಟೇ ಉಳಿದಿತ್ತು. ಜೊತೆಯಲ್ಲಿದ್ದವನು ಅವರ ತಮ್ಮನ ಮಗ. ಎಣ್ಣೆ ಗಿರಣಿಯ ಕೆಲಸ ಬಿಟ್ಟು, ದೊಡ್ಡಪ್ಪ ಕಾಯುತ್ತಿದ್ದ ಊರಿನ ಹಿಂಡು ಕಾಯಲು ಒಪ್ಪಿದ ನಡುವಯಸ್ಸಿನವನು. ಅವನ ಕೂಗಿಗೆ ದನ ಬರುತ್ತಿರಲಿಲ್ಲ. ಹೀಗೇ ಆದರೆ ಹಿಂಡನ್ನು ಬೇರೆ ಮನೆಯವರಿಗೆ ಒಪ್ಪಿಸುವುದೆಂದು ಊರಿನವರು ಹೇಳಿದ್ದರಂತೆ.

"ನಾನ್ ಕೂಗಿದ್ರೆ ಮೇಯೋದೂ ಬಿಡಲ್ಲ ಸಾರ್ ಅವು. ನಮ್ ದೊಡ್ಡಪ್ಪನ ಕೂಗು ನಿಮ್ ಮಿಷನ್ನಾಗೆ ಐತಂತಲ್ಲ, ವಸಿ ಕೇಳ್ಸ್ರಿ."

ಫೈಲ್ ತೆರೆದೆ. ಬರೀ ಗಾಳಿ, ಅದರೊಳಗೆಲ್ಲೋ ಸಣ್ಣಗೆ ಒಂದು ಕೂಗು.

"ಇದು ನಂಗೂ ಬರ್ತೈತೆ. ನಿಮ್ ಮಿಷನ್ನಿಗೂ ಗಂಟ್ಲು ಕಟ್ಟೈತೇನ್ರಿ?" ಎಂದ.

ಹಿರಿಯರು ನಗಲಿಲ್ಲ. ಕಿವಿ ಮುಚ್ಚಿ ತಲೆಗೆ ಸುತ್ತಿದ್ದ ಟವೆಲ್ ತೆಗೆದು ತೊಡೆಯ ಮೇಲಿಟ್ಟು ಸ್ಪೀಕರಿನತ್ತ ಬಾಗಿದರು. ನಾನು ಟೂಲ್‌ಬಾರಿನ ಧ್ವನಿಯ ಐಕಾನ್ ಒತ್ತಿ, ವಾಲ್ಯೂಮನ್ನು ಕೊನೆಯವರೆಗೂ ಏರಿಸಿ, ಫೈಲನ್ನು ಮೊದಲಿನಿಂದ ಹಚ್ಚಿದೆ. ಕೂಗು ಕೋಣೆ ತುಂಬಿತು. ಅದಕ್ಕೂ ಮುಂಚೆ, ಬಾಯಿ ತೆರೆಯುವ ಮೊದಲೇ, ಗಂಟಲಿನಾಳದಿಂದ ಬಂದ ಒಂದು ತಗ್ಗಿದ ಗುಂಯ್ ಸದ್ದು ಕೇಳಿಸಿತು. ಹಿರಿಯರ ಬೆರಳು ಥಟ್ಟನೆ ಮೇಲೆದ್ದಿತು.

"ಮಳ್ಳಿ," ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು, ಮತ್ತೊಮ್ಮೆ ಹಚ್ಚೆಂದು.

"ಕೂಗೋಕ್ ಮುಂಚೆ ಇದೇನ್ ದೊಡ್ಡಪ್ಪಾ, ಗುಂಯ್ ಅಂತೀಯಾ?"

ಅವರು ತಮ್ಮ ಗಂಟಲನ್ನು ತಟ್ಟಿಕೊಂಡು ಹೌದೆಂದು ಜೋರಾಗಿ ತಲೆಯಾಡಿಸಿದರು. ಇಷ್ಟು ದಿನ ಕೈಸನ್ನೆಯಲ್ಲಿ ಎಷ್ಟು ತೋರಿಸಿದರೂ ಅವನಿಗೆ ತಿಳಿಸಲಾಗದೆ ಉಳಿದದ್ದು ಆ ಸದ್ದೇ.

ಅವನು ಕುಳಿತಲ್ಲೇ ಒಮ್ಮೆ ಪ್ರಯತ್ನಿಸಿದ. ಅಡುಗೆಮನೆಯಿಂದ ನನ್ನ ಹೆಂಡತಿ, "ಒಳಗ್ ಕೂಗಿದ್ರೆ ಅಕ್ಕಪಕ್ಕದೋರು ಬರ್ತಾರೆ ಕಣಪ್ಪ, ದನ ಬರಲ್ಲ!" ಎಂದಳು. ಆಗ ಹಿರಿಯರೂ ಸದ್ದಿಲ್ಲದೆ ನಕ್ಕರು. ಅವರು 'ಮಳ್ಳಿ' ಎಂದಷ್ಟು ಸಲವೂ ಹಚ್ಚಿದೆ.

ಕೆಲವು ದಿನಗಳ ನಂತರ ನನ್ನನ್ನೂ ಕಾವಲಿಗೆ ಕರೆದೊಯ್ದರು. ಇಂದಿಗೂ ಆ ಕರೆಗೆ ನಾನು ಋಣಿ. ಪರದೆಯ ಅಂಚಿನಲ್ಲಿ ಧ್ವನಿಗೊಂದು ಜಾಗ ಮಾಡಿಕೊಟ್ಟ, ಹೆಸರು ತಿಳಿಯದ ಆ ತಂತ್ರಜ್ಞರಿಗೂ ಋಣಿ. ತಮ್ಮನ ಮಗ ಗಾಳಿಗೆ ಮುಖಮಾಡಿ ನಿಂತು, ಗುಂಯ್ ಎಂದು, ಕೂಗಿದ. ಮುಂದಾಳು ಹಸು ತಲೆಯೆತ್ತಿ ಮೊದಲು ನೋಡಿದ್ದು ಹಿರಿಯರನ್ನು. ಅವರು ಕಂಬಳಿ ಹೊದ್ದು ಸುಮ್ಮನೆ ನಿಂತಿದ್ದರು. ಕೂಗು ಇನ್ನೊಮ್ಮೆ ಎದ್ದಾಗ ಹಸು ಅವನತ್ತ ಹೆಜ್ಜೆ ಹಾಕಿತು. ಉಳಿದವು ಅದರ ಹಿಂದೆ ಬಂದವು.