ಮಾಸ್ತರರ ವಾಲ್ವ್

ಹುಮನಾಬಾದಿನಲ್ಲಿ ರೇಡಿಯೋ ರಿಪೇರಿ ಎಂದರೆ ಗುರುಲಿಂಗಪ್ಪ. ಈಗ ಅವನ ಅಂಗಡಿಗೆ ಬರುವುದು ಮಿಕ್ಸರ್, ಫ್ಯಾನು ಅಷ್ಟೇ. ಹಳೇ ವಾಲ್ವ್ ರೇಡಿಯೋ ಅವನ ಮನೆಯಲ್ಲಿ ಮಾತ್ರ ಉಳಿದಿತ್ತು, ಅಪ್ಪನ ಕಾಲದ್ದು. ಸಂಜೆ ಸ್ವಿಚ್ ಹಾಕಿ, ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗುವವರೆಗೆ ಸುಮ್ಮನೆ ಕೂತು, ಶಾರ್ಟ್‌ವೇವಿನ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ ದೂರ ದೇಶದ ದನಿ ಹಿಡಿಯಬೇಕು. ಅವನಿಗೆ ಬೇರೆ ಚಟವಿರಲಿಲ್ಲ. ಅವನನ್ನು ಕೆಡಿಸಲು ಇದೊಂದೇ ಸಾಕಾಯಿತು.

ಆರು ವರ್ಷದ ಹಿಂದೆ ಅದರ ಒಂದು ವಾಲ್ವ್ ಸುಟ್ಟಿತು. ಹೈದರಾಬಾದಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರೂ ಅಂಥದು ಸಿಗಲಿಲ್ಲ. ಅದೇ ವಾರ ಬಸವಕಲ್ಯಾಣದಿಂದ ಮೊಹಿನುದ್ದೀನ್ ಮಾಸ್ತರು ಬಂದರು, ಉರ್ದು ಶಾಲೆಯಿಂದ ನಿವೃತ್ತರಾದವರು. ಅದೇ ಮಾದರಿಯ ರೇಡಿಯೋವನ್ನು ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಒಳಗೆ ಒಂದು ವೈರು ಬಿಟ್ಟಿತ್ತು, ಅಷ್ಟೇ. ಗುರುಲಿಂಗಪ್ಪ ವೈರು ಬೆಸೆಯಲಿಲ್ಲ. ಅವರ ವಾಲ್ವ್ ಕಿತ್ತುಕೊಂಡು, ತನ್ನ ಸುಟ್ಟದ್ದನ್ನು ಅಲ್ಲಿ ಕೂರಿಸಿದ.

“ವಾಲ್ವ್ ಹೋಗ್ಯಾದ್ರಿ ಮಾಸ್ತರ. ಇನ್ನ ಇಂಥದು ಸಿಗಂಗಿಲ್ರಿ.”

ಬೇಲಿಯೇ ಎದ್ದು ಹೊಲ ಮೇಯಿತು. ಮಾಸ್ತರು ನಂಬಿದರು. ನಂಬಿ ಮನೆಯಲ್ಲಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆದರೆ ಅವರು ಪ್ರತಿ ಭಾನುವಾರ ಬಸ್ಸು ಹತ್ತಿ ಅವನ ಮನೆಗೇ ಬಂದು ಉರ್ದು ಸುದ್ದಿ, ಗಜಲ್ ಕೇಳತೊಡಗಿದರು. “ಏನ್ ದನಿ ಅದರಿ ನಿಮ್ದು!” ಎಂದು ತಲೆದೂಗುವರು. ಹೊಗಳುತ್ತಿರುವುದು ತಮ್ಮದೇ ವಾಲ್ವನ್ನು ಎಂದು ಪಾಪ ಅವರಿಗೇನು ಗೊತ್ತು! ಗುರುಲಿಂಗಪ್ಪ ಚಹಾ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದ.

ಕಳೆದ ತಿಂಗಳು ಮಾಸ್ತರು ಕೋಲೂರುತ್ತ ಬಂದರು. ಹಿಂದೆ ಆಟೋದವನು ಅದೇ ಹಳೇ ರೇಡಿಯೋ ಹೊತ್ತು ತಂದ.

“ಮೊಣಕಾಲು ಬಿದ್ದಾವ್ರಿ, ಇನ್ನ ನನಗ ಬರಾಕಾಗಂಗಿಲ್ಲ. ಇದರಾಗ ನಾಕು ವಾಲ್ವ್ ಛಲೋ ಅದಾವ, ನೀವೇ ಇಟ್ಕೋರಿ. ನಿಮ್ ರೇಡಿಯೋ ಬಂದ್ ಬೀಳಬಾರ್ದು. ಐತಾರ ಫೋನ್ ಹಚ್ಚಿ ಅದರ ಮುಂದ ಹಿಡೀರಿ, ನನಗ ಅಷ್ಟ ಸಾಕು.”

ಗುರುಲಿಂಗಪ್ಪನಿಗೆ ದಾರಿ ಎದುರಿಗೇ ಇತ್ತು. ಹೊಸ ವಾಲ್ವ್ ಸಿಕ್ಕಿತೆಂದು ಇನ್ನೊಂದು ಸುಳ್ಳು ಹೇಳಿ, ಅವರದನ್ನು ಮರಳಿ ಕೂರಿಸಿ, ಆ ವೈರು ಬೆಸೆದರೆ ಸಾಕಿತ್ತು. ಮಾಸ್ತರು ಮನೆಯಲ್ಲೇ ಕೂತು ಕೇಳುತ್ತಿದ್ದರು, ಕಳ್ಳತನ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತನ್ನ ರೇಡಿಯೋ ಮೂಕವಾಗುತ್ತಿತ್ತು. ಅವನು ಅದರ ಕಡೆ ಒಮ್ಮೆ ನೋಡಿದ.

“ಇಡ್ರಿ ಮಾಸ್ತರ,” ಎಂದ.

ಈಗ ಭಾನುವಾರ ಸಂಜೆ ಮೊಬೈಲನ್ನು ರೇಡಿಯೋ ಮುಂದೆ ಹಿಡಿದು ನಿಲ್ಲುತ್ತಾನೆ. ಸುದ್ದಿ ಮುಗಿದ ಮೇಲೆ ಬಸವಕಲ್ಯಾಣದಿಂದ ಮಾಸ್ತರು ಹೇಳುತ್ತಾರೆ, “ಅಲ್ಲಾಹ್ ನಿಮಗ ಛಲೋ ಇಡ್ಲಿರಿ.” ಗುರುಲಿಂಗಪ್ಪ “ಹೂಂನ್ರಿ” ಎಂದು ಆ ದುವಾವನ್ನೂ ಇಟ್ಟುಕೊಳ್ಳುತ್ತಾನೆ.