ಯಾವುದನ್ನು ಬಿಡಿಸಿ ಹಚ್ಚಬೇಕು?

ದೇವದುರ್ಗದ ಎಲೆಕ್ಟ್ರಿಕ್ ಅಂಗಡಿಯಲ್ಲಿ ನನ್ನ ಬ್ಯಾಟರಿ ಕಾರಿನ ಚಾರ್ಜರ್ ತೋರಿಸಿ, ಮನೆಯ ಪ್ಲಗ್ಗಿಗೆ ಹೊಂದುವ ಅಡಾಪ್ಟರ್ ಕೇಳಿದೆ. ಚಾರ್ಜರಿನದು ದಪ್ಪ ಪಿನ್ನು. ಅಂಗಡಿಯವರು ಎರಡು ಥರದ್ದನ್ನು ಮುಂದಿಟ್ಟು, "ಮನ್ಯಾಗ ಯಾವುದರ ಪಿನ್ ಬಿಡಿಸಿ ಇದನ್ನ ಹಚ್ತೀರಿ ಹೇಳ್ರಿ. ಇಸ್ತ್ರಿನೋ, ಕೂಲರೋ?" ಎಂದರು.

ಆಂಪಿಯರ್ ಲೆಕ್ಕ ಹೇಳಲು ಹೋದೆ. "ಅದು ಬ್ಯಾಡ್ರೀ, ಬಿಡಿಸೋದು ಯಾವುದು?" ಎಂದರು. ಕಾರಿಗೂ ಕೂಲರಿಗೂ ಏನು ಸಂಬಂಧವೋ ತಿಳಿಯಲಿಲ್ಲ. ನಾನು ಇಳಿದುಕೊಂಡದ್ದು ಗೆಳೆಯನ ಮನೆಯಲ್ಲಿ. ಅಲ್ಲಿ ಯಾವ ಗೋಡೆಗೆ ಏನಿದೆ ಎಂದು ನೋಡಿದವರಾರು? ಗೊಂದಲದಲ್ಲಿ ಎರಡನ್ನೂ ಕೊಂಡೆ.

ಬಂದು ನೋಡಿದರೆ ದಪ್ಪ ಪಿನ್ನು ಹಿಡಿಸುವ ಪ್ಲಗ್ ಇಡೀ ಮನೆಗೆ ಒಂದೇ, ಪಡಸಾಲೆಯಲ್ಲಿ. ಅದರಲ್ಲಿ ಕೂಲರ್, ಅದರ ಮುಂದೆ ಮಲಗಿದ ಗೆಳೆಯನ ತಾಯಿ. ಸಣ್ಣ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿದರೆ ವೈರು ಸುಟ್ಟೀತೇ ಎಂಬ ಭಯದಲ್ಲಿ ನಾನು ಗೋಡೆಯಿಂದ ಗೋಡೆಗೆ ಅಲೆಯುತ್ತಿದ್ದೆ. ಆ ತಾಯಿ ಎದ್ದು ಕೂಲರಿನ ಪಿನ್ನನ್ನು ತಾವೇ ಕಿತ್ತರು.

"ಬೇಡಮ್ಮ, ಈ ಸೆಕೆಯಲ್ಲಿ ಹೇಗೆ ಮಲಗುತ್ತೀರಿ?" ಎಂದೆ.

ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಾಗಿಲಾಚೆ ನಿಂತಿದ್ದ ಕಾರಿನತ್ತ ನೋಡಿದರು.

"ರಾಯಚೂರಿಂದ ನಿನ್ನ ಹೊತ್ಕೊಂಡು ಬಂದದ, ಯಪ್ಪಾ. ಮೊದಲು ಅದು ಉಣ್ಣಲಿ."