ಪೆಟ್ಟಿಗೆಯ ಹಾವಿಗೆ ತನು ಎರೆದ ದಿನ

ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ಜನ ಕಾಲು ಚಾಚಿ ಮಲಗಲಿಕ್ಕೇ ಜಾಗವಿಲ್ಲ. ಅಂಥದ್ದರಲ್ಲಿ ಮಗಳು ಒಂದು ಹಾವು ತಂದಳು. ಬಾಲ್ ಪೈಥಾನ್ ಅಂತೆ, ಆಫ್ರಿಕಾದ ತಳಿಯಂತೆ, ವಿಷವಿಲ್ಲವಂತೆ, ಸಾಕಲಿಕ್ಕೆ ಸರ್ಕಾರದ ಕಾಗದವೂ ಇದೆಯಂತೆ. ಕಾಗದ ಇದ್ದರೆ ಮನೆಯೊಳಗೆ ಏನನ್ನು ಬೇಕಾದರೂ ತರಬಹುದೇ? ಮೂರು ದಿನ ಕೂಗಾಡಿದೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡಾಡಿದಳು. ನಾಲ್ಕನೆಯ ದಿನ ನನಗೇ ಗಂಟಲು ನೋವು ಬಂದು ಸುಮ್ಮನಾದೆ.

ಹಾವು ಮಾತ್ರ ಯಾರ ತಂಟೆಗೂ ಬರುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಮುದ್ದೆಯಾಗಿ ಬಿದ್ದಿರುತ್ತಿತ್ತು. ತಕರಾರೆಲ್ಲ ಅದರ ಸೆಖೆ-ಚಳಿಯದ್ದು. ಪೆಟ್ಟಿಗೆಯ ಒಂದು ಬದಿ ಮೂವತ್ತೆರಡು ಡಿಗ್ರಿ ಇರಬೇಕು, ಇನ್ನೊಂದು ಬದಿ ಇಪ್ಪತ್ತಾರು. ಅದಕ್ಕಾಗಿ ಅಡಿಯಲ್ಲಿ ಬಿಸಿಯಾಗುವ ಒಂದು ಹಾಳೆ, ಪಕ್ಕದಲ್ಲಿ ಅಂಕಿ ತೋರಿಸುವ ಒಂದು ಡಬ್ಬಿ. ಡಬ್ಬಿಯಿಂದ ಹೊರಟ ತೆಳ್ಳಗಿನ ವಯರಿನ ತುದಿ ಪೆಟ್ಟಿಗೆಯೊಳಗೆ ಬಿಸಿ ಎಷ್ಟಿದೆ ಎಂದು ನೋಡುತ್ತಿರುತ್ತದೆ. ಮೂವತ್ತೆರಡು ಮುಟ್ಟಿದ ಕೂಡಲೇ ಹಾಳೆ ತಾನಾಗಿ ಬಂದ್. ಜ್ವರ ಬಂದ ಮಗುವಿಗೂ ನಾನು ಇಷ್ಟು ಸಲ ಥರ್ಮಾಮೀಟರ್ ಇಟ್ಟಿರಲಿಲ್ಲ.

ಆಗಸ್ಟಿನಲ್ಲಿ ಮಗಳಿಗೆ ಎರಡು ವಾರ ಪುಣೆಯಲ್ಲಿ ಟ್ರೇನಿಂಗ್ ಬಂತು. ಹಾವನ್ನು ನನಗೆ ವಹಿಸಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಹಿಂದಿಯಲ್ಲೇ.

"ಮಮ್ಮಿ, ಬಾಕಿ ಕುಛ್ ಮತ್ ಕರ್. ಬಸ್ ಯೇ ವಯರ್ ಅಂದರ್ ರೆಹನಾ ಚಾಹಿಯೇ."

ಬೇರೇನೂ ಮಾಡುವುದು ಬೇಡ, ವಯರು ಒಳಗೆ ಇರಬೇಕು, ಅಷ್ಟೇ. ಹೊರಗೆ ಬಂದರೆ ಅದು ಕೋಣೆಯ ತಂಪನ್ನು ನೋಡಿ ಇನ್ನೂ ಬಿಸಿ ಬೇಕು, ಇನ್ನೂ ಬಿಸಿ ಬೇಕು ಎನ್ನುತ್ತದೆ, ಹಾಳೆ ನಿಲ್ಲುವುದೇ ಇಲ್ಲ, ಹಾವು ಬೆಂದುಹೋಗುತ್ತದೆ. ಇಷ್ಟನ್ನು ಅವಳು ನನ್ನ ಮುಂದೆ ಮೂರು ಸಲ ಹೇಳಿದಳು. ಪಕ್ಕದಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ನನ್ನ ಅತ್ತೆಯ ಮುಂದೆಯೂ ಹೇಳಿದ ಹಾಗಾಯಿತು.

"ನನಗೇನು ಬುದ್ಧಿ ಇಲ್ವಾ? ಬ್ಯಾಂಕಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳಿಗೆ ಒಂದು ವಯರು ನೋಡಿಕೊಳ್ಳಲಿಕ್ಕೆ ಆಗುದಿಲ್ವಾ?" ಎಂದು ಅದಕ್ಕೂ ರೇಗಿದೆ.

ಅವಳು ಹೋದ ಎಂಟನೆಯ ದಿನ ನಾಗರಪಂಚಮಿ. ನಮ್ಮ ಉಡುಪಿ ಕಡೆಯವರು ಆ ದಿನ ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆಯುತ್ತೇವೆ. ಅದಕ್ಕೆ ತನು ಎರೆಯುವುದು ಅನ್ನುತ್ತೇವೆ. ಅತ್ತೆ ಪ್ರತಿ ವರ್ಷ ರಿಕ್ಷಾ ಮಾಡಿಕೊಂಡು ನಮ್ಮವರ ದೇವಸ್ಥಾನಕ್ಕೆ ಹೋಗಿ ಎರೆದು ಬರುತ್ತಿದ್ದರು. ಆ ಸಲ ಮೊಣಕಾಲು ಊದಿತ್ತು, ರಸ್ತೆಯಲ್ಲಿ ನೀರು ನಿಂತಿತ್ತು. ನನಗೆ ರಜೆ ಇರಲಿಲ್ಲ. ಅರ್ಧ ದಿನ ಕೆಲಸ ಮುಗಿಸಿ, ಠಾಣೆಯ ಬ್ಯಾಂಕಿನಿಂದ ಒದ್ದೆ ಸೀರೆಯಲ್ಲಿ ಲೋಕಲ್‌ನಲ್ಲಿ ನೇತಾಡಿಕೊಂಡು ಮನೆಗೆ ಬಂದರೆ ಕೋಣೆಯೆಲ್ಲ ಹಾಲಿನ ವಾಸನೆ.

ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಹಾಸಿದ್ದ ಕಾಗದ ಹಾಲು, ಸೀಯಾಳ, ಅರಸಿನದಲ್ಲಿ ತೋಯ್ದು ಮುದ್ದೆಯಾಗಿತ್ತು. ಹಾವಿನ ಬೆನ್ನ ಮೇಲೂ ಅರಸಿನ. ಅತ್ತೆ ಕೈ ಮುಗಿದುಕೊಂಡು ಎದುರಿಗೆ ಕುಳಿತಿದ್ದರು.

"ಎಂತ ಮಾಡಿದ್ದು ಅತ್ತೆ ನೀವು!"

"ಮನೆಯಲ್ಲೇ ಜೀವ ಇರುವ ನಾಗ ಉಂಟಲ್ಲ ಮಾರಾಯ್ತಿ. ಹಬ್ಬದ ದಿನ ಅದನ್ನು ಬಿಟ್ಟು ಕಲ್ಲು ಹುಡುಕಿಕೊಂಡು ಹೋಗುದಾ?"

"ಇದು ನಾಗ ಅಲ್ಲ! ಆಫ್ರಿಕಾದ್ದು!"

"ಆಫ್ರಿಕಾದಲ್ಲಿ ಹುಟ್ಟಿದ್ರೆ ನಾಗ ಅಲ್ವಾ? ನಿನ್ನ ಮಗಳು ಡೊಂಬಿವಲಿಯಲ್ಲಿ ಹುಟ್ಟಿದ್ದು. ನಮ್ಮವಳು ಅಲ್ವಾ?"

ನನಗೆ ಪಿತ್ತ ನೆತ್ತಿಗೇರಿತು. ಏನೇನು ಅಂದೆನೋ, ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಈ ಮನೆಯಲ್ಲಿ ಒಂದು ಕೆಲಸವನ್ನೂ ನೆಟ್ಟಗೆ ಇರಲು ಬಿಡುವುದಿಲ್ಲ ನೀವು ಎಂದೆ. ಹಾವು ಸತ್ತರೆ ನಿಮ್ಮ ಮೊಮ್ಮಗಳಿಗೆ ನೀವೇ ಉತ್ತರ ಕೊಡಿ ಎಂದೆ. ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಹಾಲ್‌ಗೆ ಹೋದರು. ಹೆದರಿಕೊಂಡೇ ಹಾವನ್ನು ಎತ್ತಿ ಬಕೆಟಿಗೆ ಹಾಕಿ ಮುಚ್ಚಿದೆ. ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಎಳೆದು ಹೊರಗೆ ಹಾಕಿದೆ, ಒರೆಸಿದೆ, ಹೊಸ ಪೇಪರು ಹಾಸಿ ನೀರಿನ ಬಟ್ಟಲು ಇಟ್ಟೆ, ಹಾವನ್ನು ಮತ್ತೆ ಒಳಗೆ ಬಿಟ್ಟೆ. ಬಾಯಿ ಮಾತ್ರ ಒಂದು ನಿಮಿಷ ನಿಲ್ಲಲಿಲ್ಲ. ಡಬ್ಬಿ ನೋಡಿದರೆ ಇಪ್ಪತ್ನಾಲ್ಕು ತೋರಿಸುತ್ತಿತ್ತು. ಅಯ್ಯೋ, ಹಾಲು ಸುರಿದು ಸುರಿದು ಪೆಟ್ಟಿಗೆಯನ್ನೇ ತಣ್ಣಗೆ ಮಾಡಿಟ್ಟಿದ್ದಾರೆ ಎಂದು ಗುಂಡಿ ಒತ್ತಿ ಮೂವತ್ತಾರಕ್ಕೆ ಏರಿಸಿದೆ. ನೆಲ ಒಣಗಲಿ ಎಂದು ಫ್ಯಾನ್ ಜೋರಾಗಿ ಹಾಕಿದೆ. ಅಡುಗೆಮನೆಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ. ಅವರು ಕಲ್ಯಾಣದ ಹೋಟೆಲಿನಲ್ಲಿ ಗಲ್ಲಾದ ಮೇಲಿದ್ದರು, ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದು ಅವರ ತಾಯಿಯ ಮೇಲಿನ ಮೂವತ್ತು ವರ್ಷದ ಸಿಟ್ಟನ್ನೆಲ್ಲ ಮುಕ್ಕಾಲು ಗಂಟೆ ಕಾರಿದೆ.

ಆಮೇಲೆ ಕೋಣೆಯಿಂದ ಅತ್ತೆಯ ಕೂಗು ಕೇಳಿಸಿತು. "ಬೇಗ ಬಾ! ಇದು ಬಾಯಿ ತೆರೀತಾ ಉಂಟು!"

ಹಾವು ನೀರಿನ ಬಟ್ಟಲಿನ ಮೇಲೆ ಮೈ ಚಾಚಿ ಬಿದ್ದಿತ್ತು. ಬಾಯಿ ಅರ್ಧ ತೆರೆದಿತ್ತು. ಗಾಜು ಮುಟ್ಟಿದರೆ ಕೈ ಸುಟ್ಟಿತು. ಆ ವಯರು ನಾನು ಎಳೆದು ಹಾಕಿದ ಒದ್ದೆ ಕಾಗದದ ರಾಶಿಯಲ್ಲಿ, ಫ್ಯಾನಿನ ಕೆಳಗೆ ತಣ್ಣಗೆ ಬಿದ್ದಿತ್ತು. ಡಬ್ಬಿ ಇನ್ನೂ ಇಪ್ಪತ್ನಾಲ್ಕೇ ತೋರಿಸುತ್ತಿತ್ತು. ನಾನು ಪ್ಲಗ್ ಕಿತ್ತೆ. ಇದುವರೆಗೆ ಹಾವನ್ನು ಮುಟ್ಟದೆಯೇ ಕೈ ಮುಗಿಯುತ್ತಿದ್ದ ಅತ್ತೆ ಎರಡೂ ಕೈ ಹಾಕಿ ಹಾವನ್ನು ಎತ್ತಿ ತಣ್ಣನೆಯ ಟೈಲ್ಸ್ ಮೇಲೆ ಮಲಗಿಸಿದರು. ಹೊಟ್ಟೆಯ ಅಡಿಯಲ್ಲಿ ಅಂಗೈಯಷ್ಟು ಅಗಲಕ್ಕೆ ಕೆಂಪಗೆ ಸುಟ್ಟಿತ್ತು.

ಅದನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು, ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಹಾವುಗಳನ್ನೂ ನೋಡುವ ಡಾಕ್ಟರೊಬ್ಬರ ಹತ್ತಿರ ಓಡಿದೆ. ಮುಲಾಮು ಕೊಟ್ಟರು, ಸುಟ್ಟದ್ದು ಆಳಕ್ಕೆ ಇಳಿದಿದ್ದರೆ ಉಳಿಯುವುದು ಕಷ್ಟ, ಹದಿನೈದು ದಿನ ನೋಡೋಣ ಎಂದರು. ಮಗಳಿಗೆ ಫೋನ್ ಮಾಡಿದೆ. ಕೈಸೆ ಹುವಾ, ಹೇಗಾಯಿತು ಎಂದು ಅವಳು ಅಳಲು ಶುರು ಮಾಡಿದಳು.

"ಅಜ್ಜಿ ಪೆಟ್ಟಿಗೆಗೆ ಹಾಲು ಎರೆದ್ರು," ಎಂದೆ.

ಅದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದೆ, ಅದೇ ನನ್ನ ನೀಚತನ. ನಾನು ಮನೆಗೆ ಬಂದ ಮೇಲೆ ಅವಳು ಅಜ್ಜಿಗೇ ಫೋನ್ ಮಾಡಿ ಕೂಗಾಡಿದಳು. ಅತ್ತೆ ಫೋನು ಕಿವಿಗೆ ಹಿಡಿದು, ನನ್ನನ್ನೇ ನೋಡುತ್ತ, "ಹೌದು ಮಗಾ, ನಂದೇ ತಪ್ಪು," ಎಂದರು. ಯಾಕೆ ಹಾಗೆ ಅಂದರು? ನನಗೆ ಅದಕ್ಕೂ ಸಿಟ್ಟು ಬಂತು. ಎದುರು ಮಾತಾಡಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

ಮಗಳು ಪುಣೆಯಿಂದ ಬಂದಳು. ಪೆಟ್ಟಿಗೆಗೆ ಬೀಗ ಹಾಕಿದಳು, ಅಜ್ಜಿಯ ಹತ್ತಿರ ಮಾತು ಬಿಟ್ಟಳು. ಅಜ್ಜಿ ಬಡಿಸಿದ ತಟ್ಟೆಯನ್ನು ಮುಟ್ಟದೆ ಎದ್ದು ಹೋಗುತ್ತಿದ್ದಳು. ಅತ್ತೆ ಆ ತಟ್ಟೆಯನ್ನು ಮುಚ್ಚಿಟ್ಟು ಮಧ್ಯಾಹ್ನ ತಾವೇ ಉಣ್ಣುತ್ತಿದ್ದರು. ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ಬೆಳಿಗ್ಗೆ ಮಗಳು ಹಾವಿಗೆ ಮುಲಾಮು ಹಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ವಯರು ಹೊರಗೆ ಹಾಕಿದ್ದು ನಾನು. ಬಿಸಿ ಏರಿಸಿದ್ದೂ ನಾನು. ಹಾಲಿನಿಂದ ಹಾವಿಗೆ ಏನೂ ಆಗಿರಲಿಲ್ಲ.

ಮಗಳು ಮುಲಾಮಿನ ಮುಚ್ಚಳ ಹಾಕಿ ಹಾಲ್ ಕಡೆಗೆ ತಿರುಗಿದಳು. ಎಷ್ಟೋ ವರ್ಷಗಳ ನಂತರ ಮೊದಲ ಸಲ, ಕನ್ನಡದಲ್ಲಿ ಕೇಳಿದಳು. "ಅಜ್ಜೀ, ನಿಂಗೆ ಗೊತ್ತಿತ್ತಾ?"

ಹಾಲ್‌ನಿಂದ ಅತ್ತೆಯ ಧ್ವನಿ ಬಂತು. ಅದರಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

"ನಿನ್ನ ಅಮ್ಮ ಅಡುಗೆಮನೆಗೆ ಹೋದ ಮೇಲೆ ಕೋಣೆಗೆ ಬಂದವಳು, ವಯರು ಹೊರಗೆ ಉಳಿದದ್ದು ಆವಾಗಲೇ ನೋಡಿದ್ದೆ ಮಗಾ. ಅಷ್ಟು ಬೈಸಿಕೊಂಡ ಮೇಲೆ ಪೆಟ್ಟಿಗೆಗೆ ಮತ್ತೆ ಕೈ ಹಾಕ್ಲಿಕ್ಕೆ ಧೈರ್ಯ ಬರ್ಲಿಲ್ಲ. ಹೇಳ್ಲಿಕ್ಕೆ ಅಂತ ಎರಡು ಸಲ ಅಡುಗೆಮನೆ ಬಾಗಿಲ ತನಕ ಬಂದೆ. ನಿನ್ನ ಅಮ್ಮ ಫೋನಲ್ಲಿ ನನ್ನನ್ನೇ ಬೈತಾ ಇದ್ಲು. ಇನ್ನೂ ಬೈತಾಳೆ ಅಂತ ಹೆದರಿಕೆ ಆಯ್ತು. ವಾಪಸ್ ಹೋಗಿ ಕೂತ್ಕೊಂಡೆ."